ಕತ್ತಿನ ಕಾಳು ಆಡಿದ ಮಾತು

ಬಡಗಿಯ ಹೆಂಡತಿ ಕೈಚೀಲದಿಂದ ಎರಡು ಹಾಳೆ ತೆಗೆದು ಡಾಕ್ಟರ ಮುಂದಿಟ್ಟಳು. ರಕ್ತಪರೀಕ್ಷೆಯ ವರದಿ ಇರಬೇಕೆಂದು ಡಾಕ್ಟರು ಕನ್ನಡಕ ಏರಿಸಿದರು. ವರದಿಯಾಗಿರಲಿಲ್ಲ. ಎಡಗಡೆ ತಾರೀಕು, ಬಲಗಡೆ ಒಂದೊಂದು ವಾಕ್ಯ, ದುಂಡಗಿನ ಅಕ್ಷರ.

"ಏನಮ್ಮ ಇದು?"

"ನಮ್ಮ ಯಜಮಾನ್ರು ನನಗೆ ಅಂದ ಮಾತುಗಳು ಡಾಕ್ಟ್ರೇ. ಐದು ವರ್ಷದ್ದು. ಮುಖ್ಯವಾದವು ಮಾತ್ರ."

ಬಡಗಿ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ನರ್ಸ್ ಮುಂದೆ ತೋಳು ಚಾಚಿ ಕೂತಿದ್ದ. ಅವನ ಕತ್ತಿನ ಆಪರೇಷನ್ ಆಗಿ ಆರು ವಾರವಾಗಿತ್ತು. ಆಪರೇಷನ್ ದಿನ ಡಾಕ್ಟರು ಬಾಯಿತಪ್ಪಿ, "ಅವರ ಸಿಡಿಮಿಡಿಯೂ ಈ ಗ್ರಂಥಿಯದ್ದೇ ಕಿತಾಪತಿ ಇರಬಹುದು" ಎಂದಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬಡಗಿಯ ಹೆಂಡತಿ ಅದನ್ನು ಒಪ್ಪುವವಳಲ್ಲ. ಇಪ್ಪತ್ತೆರಡು ವರ್ಷದಿಂದ ಆಕೆಗೆ ದೊಡ್ಡ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಕೆಲಸ. ಅಲ್ಲಿ ಯಾವುದೂ ಹೋಗುವುದಿಲ್ಲ, ಧೂಳು ಹಿಡಿಯುತ್ತದೆ ಅಷ್ಟೆ.

"ನೀವು ಹೇಳಿದ್ದು ನನಗೆ ಅರ್ಥವಾಗಿದೆ," ಅಂದಳು. "ಕತ್ತಿನಲ್ಲಿ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹಾರ್ಮೋನು ಬಿಡ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ತರುತ್ತೆ, ಕಿಡ್ನಿಗೆ ‘ಹೊರಗೆ ಚೆಲ್ಲಬೇಡ’ ಅನ್ನುತ್ತೆ, ಕರುಳಿಗೂ ‘ಊಟದಿಂದ ಇನ್ನಷ್ಟು ಹೀರಿಕೋ’ ಅಂತ ಸುತ್ತುಬಳಸಿ ಹೇಳಿಕಳಿಸುತ್ತೆ. ಸಾಕಾದ ಕೂಡಲೆ ನಾಲ್ಕೂ ತೆಪ್ಪಗಾಗಬೇಕು. ಇವರದ್ದರಲ್ಲಿ ಒಂದು ತೆಪ್ಪಗಾಗಲಿಲ್ಲ. ಕಡಲೆಕಾಳಿನಷ್ಟು ಊದಿಕೊಂಡು, ಮೂಳೆ ಟೊಳ್ಳಾದರೂ ‘ತಾ, ತಾ’ ಅಂತಲೇ ಇತ್ತು. ಸರಿಯಾ?"

"ನನಗಿಂತ ಚೆನ್ನಾಗಿ ಹೇಳಿದಿರಿ."

"ಹಾಗಾದ್ರೆ ಇದರಲ್ಲಿ ಯಾವುದು ಗ್ರಂಥಿ ಅಂದದ್ದು, ಯಾವುದು ಇವರು ಅಂದದ್ದು, ಗುರುತು ಹಾಕಿಕೊಡಿ. ಈಗ ಚಹಾ ಕೊಟ್ಟರೆ ‘ಚೆನ್ನಾಗಿದೆ’ ಅಂತಾರೆ. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ಅಂತ ನನಗೆ ಗೊತ್ತಾಗಬೇಕು."

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಜಾಗವಿಲ್ಲ ಎಂದು ಹೇಳಲು ಡಾಕ್ಟರು ಬಾಯಿ ತೆರೆದರು. ಆಕೆಯ ಮುಖ ನೋಡಿ ಮುಚ್ಚಿದರು. ಹಳೆಯ ವರದಿಗಳನ್ನು ಹರಡಿಕೊಂಡು ಪೆನ್ನು ತೆಗೆದರು. ಕ್ಯಾಲ್ಸಿಯಂ ಹತ್ತೂವರೆಯ ಮಿತಿ ದಾಟಿದ ಮೇಲಿನ ಮಾತುಗಳು ಗ್ರಂಥಿಯ ಪಾಲಿಗೆ, ಅದಕ್ಕೂ ಹಿಂದಿನವು ಬಡಗಿಯ ಪಾಲಿಗೆ ಎಂದು ತೀರ್ಮಾನವಾಯಿತು.

"‘ನಿಮ್ಮಣ್ಣ ಬಾಯಿ ತೆರೆದರೆ ಮುಚ್ಚೋಕೆ ನಾಲ್ಕು ಜನ ಬೇಕು.’ ಇದು ಐದು ವರ್ಷದ ಹಿಂದಿನದು. ಆಗ ಕ್ಯಾಲ್ಸಿಯಂ ಸರಿಯಾಗೇ ಇತ್ತಮ್ಮ."

"ಅದು ಬಿಡಿ. ನಮ್ಮಣ್ಣ ಇರೋದೇ ಹಾಗೆ."

"‘ನಿನ್ನ ಕಾಲ್ಸಪ್ಪಳ ಕೇಳಿದರೇ ಮೈ ಉರಿಯುತ್ತೆ.’ ಇದು ಎರಡು ವರ್ಷದ ಹಿಂದೆ, ಕಿಡ್ನಿಯಲ್ಲಿ ಕಲ್ಲಾದಾಗ. ಹನ್ನೊಂದೂವರೆ ಇತ್ತು, ಆಗ ಯಾರೂ ಗಮನಿಸಿಲ್ಲ. ಗ್ರಂಥಿ." ಡಾಕ್ಟರು ಗುರುತು ಹಾಕಿದರು.

ಆಕೆ ಆ ಗುರುತನ್ನೇ ನೋಡುತ್ತ ಕೂತಳು. ಎರಡು ವರ್ಷದಿಂದ ಸ್ವಂತ ಮನೆಯೊಳಗೆ ತುದಿಗಾಲಲ್ಲಿ ನಡೆದಿದ್ದಳು. ಈಗ ಅಳು ಬಂತು. ಅದನ್ನು ಮೂಗು ಒರೆಸುವ ನೆಪದಲ್ಲಿ ಮುಗಿಸಿ, "ಮುಂದಿನದು" ಅಂದಳು.

ಗುರುತು ಹಾಕುತ್ತ ಡಾಕ್ಟರು ಎರಡನೆಯ ಹಾಳೆಯ ಕೊನೆಗೆ ಬಂದರು. ಕೊನೆಯ ಸಾಲಿನ ಮೇಲೆ ಆಕೆಯ ಅಂಗೈ ಇತ್ತು.

"ಅದು ಯಾವತ್ತಿನದು?"

"ಇವರ ಮಣಿಕಟ್ಟು ಮುರಿದ ದಿನದ್ದು."

ಮೂರು ತಿಂಗಳ ಹಿಂದೆ, ಕಿಟಕಿಯ ಚೌಕಟ್ಟು ಎತ್ತುವಾಗ, ಬಡಗಿಯ ಮಣಿಕಟ್ಟು ಒಣಪುಳ್ಳೆಯ ಹಾಗೆ ಮುರಿದಿತ್ತು. ಅಂದು ತೆಗೆದ ರಕ್ತದಲ್ಲೇ ಗ್ರಂಥಿಯ ಗುಟ್ಟು ರಟ್ಟಾದದ್ದು. ಆಕೆ ಕೈ ತೆಗೆದಳು. ‘ನೀನಿದ್ದೀಯಲ್ಲ, ನನಗಷ್ಟೇ ಸಾಕು’ ಎಂದು ಬರೆದಿತ್ತು.

"ಪ್ಲಾಸ್ಟರ್ ಹಾಕುವಾಗ ಅಂದ್ರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಅದೊಂದೇ ಸಲ. ಅವತ್ತು ಎಷ್ಟಿತ್ತು?"

ಡಾಕ್ಟರು ವರದಿ ನೋಡಿದರು. ಇನ್ನೊಮ್ಮೆ ನೋಡಿದರು. "ಹದಿಮೂರು," ಅಂದರು. "ಎಲ್ಲಕ್ಕಿಂತ ಜಾಸ್ತಿ. ಅಷ್ಟಾದಾಗ ಕೆಲವರು ಏನೇನೋ ಬಡಬಡಿಸ್ತಾರೆ."

"ಹಾಗಾದ್ರೆ ಹಾಕಿ ಗುರುತು. ಬೈದದ್ದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯ ಬೇಡ."

ಪೆನ್ನು ಹಾಳೆಗೆ ತಾಗುವಷ್ಟರಲ್ಲಿ ಬಡಗಿ ತೋಳಿಗೆ ಹತ್ತಿ ಒತ್ತಿಕೊಂಡು ಒಳಗೆ ಬಂದ. ಹೆಂಡತಿಯ ಅಕ್ಷರ ಗುರುತಿಸಿ, ಹಾಳೆಗಳನ್ನು ಎತ್ತಿಕೊಂಡು, ಮರದ ಅಳತೆ ನೋಡುವವನಂತೆ ಸಾಲುಸಾಲಿಗೂ ಬೆರಳಿಟ್ಟು ಓದಿದ. ಅವನ ಕಿವಿ ಕೆಂಪಾದವು.

"ಗುರುತಿರೋವೆಲ್ಲ ಗ್ರಂಥಿ ಆಡಿದ್ದು," ಡಾಕ್ಟರು ಸಹಾಯಕ್ಕೆ ಬಂದರು.

"ಇಲ್ಲ ಡಾಕ್ಟ್ರೇ. ಉರಿ ಅದರದ್ದಿರಬಹುದು, ಬಾಯಿ ನನ್ನದೇ. ಎಲ್ಲಾ ನೆನಪಿದೆ." ಹೆಂಡತಿಯ ಕಡೆ ತಿರುಗಿದ. "ತಪ್ಪಾಯ್ತು. ಇನ್ನು ಮೇಲೆ ಸಪ್ಪಳ ಮಾಡ್ಕೊಂಡೇ ಓಡಾಡು."

ಆಮೇಲೆ ಅವನ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಎರಡು ಸಲ ಓದಿದ.

"ಇದೊಂದು ನೆನಪಿಲ್ಲ," ಅಂದ.

"ಹೋಗ್ಲಿ ಬಿಡಿ," ಆಕೆ ಹಾಳೆಗಾಗಿ ಕೈ ಚಾಚಿದಳು. "ಅದು ಕಾಳು ಆಡಿದ್ದು."

ಅವನು ಹಾಳೆ ಕೊಡಲಿಲ್ಲ. ಡಾಕ್ಟರಿಗೆ ಕೇಳಿಸಬಾರದೆಂದು ಹೆಂಡತಿಯ ಕಡೆ ಬಾಗಿ, ಗಾಬರಿಯಿಂದ ಕೇಳಿದ:

"ಇದನ್ನ ಬಾಯಿಬಿಟ್ಟು ಹೇಳಿಬಿಟ್ಟಿದ್ದೀನಾ?"