ಮುಚ್ಚಳ ತೆಗೆದವರು

"ಸಲೀಸಾಗಿ ತೆಗೆಯೋಕೆ ಬರುತ್ತೆ ಕಣೇ. ಬೆಣ್ಣೆ ಇದ್ದ ಹಾಗಿದೆ ನಿನ್ನ ಮುಚ್ಚಳ," ಎಂದರು ಮೋಲ್ನಾರ್, ಅಡುಗೆಮನೆಯ ಮೇಜಿನ ಆಚೆ ಕೂತು. ಎರಡೂ ಕೈ ಸ್ವೆಟರಿನ ಜೇಬಿನೊಳಗಿದ್ದವು.

ರೋಂಡಾಗೆ ಆ ಒಂದು ಮಾತು ಸಾಕಿತ್ತು. ಪುಟ್ಟ ಮಕ್ಕಳ ಕೈಗೆ ತೆರೆದುಕೊಳ್ಳದ, ಕೀಲುನೋವಿನ ಮುದಿಕೈಗೆ ಮಾತ್ರ ಒಲಿಯುವ ಔಷಧದ ಬಾಟಲಿಗಾಗಿ ಅವಳು ಹದಿನೆಂಟು ತಿಂಗಳು ಸವೆಸಿದ್ದಳು. ಈಗಿನದು ಅರವತ್ತಮೂರನೆಯ ಮಾದರಿ. ಅದರಲ್ಲಿ ಮೂರು ಬಾಟಲಿಗಳನ್ನು, ಮೋಲ್ನಾರರ ನೋವಿನ ಗುಳಿಗೆಗಳನ್ನೇ ತುಂಬಿ, ಮೂರು ವಾರದ ಹಿಂದೆ ಇಲ್ಲಿ ಬಿಟ್ಟುಹೋಗಿದ್ದಳು. ನಾಳೆ ಬೆಳಿಗ್ಗೆ ಅದಕ್ಕೆ ಒಪ್ಪಿಗೆಯ ಸಹಿ ಹಾಕಿದರೆ ಬಾಟಲಿಯ ಉಕ್ಕಿನ ಅಚ್ಚು ಕೊರೆಯಲು ಶುರು. ಹಾಕದಿದ್ದರೆ ಈ ಕೆಲಸವನ್ನೇ ಕೈಬಿಡುತ್ತೇವೆ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಕಿಟಕಿಯಾಚೆ ಟೊಲೀಡೊ ನಗರದ ನವೆಂಬರ್ ಆಕಾಶ ತೊಳೆಯದ ಬಾಣಲೆಯ ಹಾಗೆ ಕವುಚಿಕೊಂಡಿತ್ತು. ಸಹಿ ಹಾಕಿ ಮನೆಗೆ ಹೋಗಿ, ಕಥೆಗಳಲ್ಲಿ ಬರುವ ರಾಕ್ಷಸರ ಹಾಗೆ ಆರು ತಿಂಗಳು ಮಲಗಿಬಿಡಬೇಕು ಅನ್ನಿಸಿತು ಅವಳಿಗೆ.

"ಒಂದ್ಸಲ ತೆಗೆದು ತೋರಿಸಿಬಿಡಿ ಮೇಷ್ಟ್ರೇ." ಅವರು ನಿವೃತ್ತರಾಗಿ ನಾಲ್ಕು ವರ್ಷವಾದರೂ ಬಾಟಲಿ ಕಾರ್ಖಾನೆಯವರಿಗೆಲ್ಲ ಅವರು ಮೇಷ್ಟ್ರೇ.

"ಈಗಷ್ಟೇ ಮುಲಾಮು ಹಚ್ಕೊಂಡೆ, ಕೈ ಜಾರುತ್ತೆ. ಯಾಕೆ, ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

ನಂಬಬೇಡ ಎಂದು ಕಲಿಸಿದವರೇ ಅವರು. ಹನ್ನೊಂದು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ವಾರ ಹೇಳಿದ್ದರು: "ಹೇಗಿದೆ ಅಂತ ಯಾರನ್ನೂ ಕೇಳಬೇಡ. ಮಾಡಿದವರು ಎದುರಿಗೆ ಕೂತಿದ್ರೆ ಜನ ಹೊಗಳೇ ಹೊಗಳ್ತಾರೆ. ಬಾಯಿ ಮಾತು ಬಿಟ್ಟುಬಿಡು, ಕೈ ನೋಡು. ಏನಾದ್ರೂ ನೆಪ ಹೇಳಿ ಕೆಲಸ ಮಾಡಿಸು." ಆ ಪಾಠವನ್ನು ಅವರ ಮೇಲೆಯೇ ಪ್ರಯೋಗಿಸಬೇಕಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ತಲೆ ಸಿಡೀತಾ ಇದೆ ಮೇಷ್ಟ್ರೇ." ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. "ನಿಮ್ಮ ನೋವಿನ ಗುಳಿಗೆ ಒಂದು ಕೊಡ್ತೀರಾ?"

"ಅಯ್ಯೋ, ಅದಕ್ಕೇನಂತೆ!" ಮೋಲ್ನಾರ್ ಎದ್ದು, ಅಡುಗೆ ಮಾಡುತ್ತಿದ್ದ ಹೆಂಡತಿಯ ಹಿಂದಿನಿಂದ ಹೋಗಿ ಒಲೆಯ ಪಕ್ಕದ ಕಪಾಟು ತೆರೆದರು. ಅಲ್ಲಿಂದ ಹೊರಬಂದದ್ದು ಹಿಡಿ ಮುರಿದ ಒಂದು ಕಾಫಿ ಲೋಟ. ಅದರ ತುಂಬ ಬಿಳಿ ಗುಳಿಗೆಗಳು. ಕಪಾಟಿನೊಳಗೆ ಅವಳ ಎರಡು ಬಾಟಲಿಗಳು ಕತ್ತು ಕೊಯ್ಯಿಸಿಕೊಂಡು ನಿಂತಿದ್ದವು. ಪಕ್ಕದಲ್ಲಿ ಬಿದ್ದಿದ್ದ ಮುಚ್ಚಳಗಳು ಮಾತ್ರ ಕೊಯ್ದ ಕತ್ತುಗಳನ್ನು ಇನ್ನೂ ಬಿಗಿಯಾಗಿ ಕಚ್ಚಿಕೊಂಡಿದ್ದವು. ಲೋಟವನ್ನು ಅವಳತ್ತ ಚಾಚಿದ ಮೇಲೆಯೇ ಮೇಷ್ಟರಿಗೆ ತಾವು ಸಿಕ್ಕಿಬಿದ್ದದ್ದು ಹೊಳೆಯಿತು.

"ಗರಗಸದಲ್ಲಿ ಕೊಯ್ದ್ರಾ?"

"ಸಣ್ಣ ಗರಗಸ," ಎಂದರು, ಅದರಿಂದ ತಪ್ಪೂ ಸಣ್ಣದಾಗುವುದೇನೋ ಎಂಬಂತೆ.

"ಪ್ರತಿ ಭಾನುವಾರ ನಿಮ್ಮ ಮೊಮ್ಮಗಳು ಬರ್ತಾಳೆ. ಅವಳಿಗಿನ್ನೂ ಮೂರು ವರ್ಷ ಮೇಷ್ಟ್ರೇ. ಇದು ತೆರೆದ ಲೋಟ."

"ಶನಿವಾರವೇ ಎತ್ತಿ ಫ್ರಿಜ್ ಮೇಲೆ ಇಡ್ತೀವಿ."

"ಒಂದು ಶನಿವಾರ ಮರೆತ್ರೆ?" ಅವರು ಲೋಟವನ್ನು ಮೇಜಿನ ಮೇಲಿಟ್ಟರು. "ನನಗ್ಯಾಕೆ ಸುಳ್ಳು ಹೇಳಿದ್ರಿ?"

"ಬಾಗಿಲು ತೆಗೆದಾಗ ನಿನ್ನ ಮುಖ ನೋಡಿದೆ. ನೀನು ತುಂಬ ದಣಿದಿದ್ದೆ ಕಣಮ್ಮ. ಇನ್ನೊಂದು ಸಲ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ರೋಂಡಾ ಫೋನ್ ತೆಗೆದು ಮ್ಯಾನೇಜರ್‌ಗೆ ಎರಡು ಸಾಲು ಬರೆದಳು: ಸಹಿ ಹಾಕುವುದಿಲ್ಲ. ಮುಚ್ಚಳ ತೆಗೆಯಲು ಬರುವುದಿಲ್ಲ. ನಿಮಿಷದೊಳಗೆ ಉತ್ತರ ಬಂತು: ಹಾಗಾದರೆ ಶುಕ್ರವಾರದೊಳಗೆ ಮಾದರಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಬಿಡು. ಅವಳು ಅದನ್ನು ಮೇಷ್ಟರಿಗೆ ತೋರಿಸಿದಳು. ಅಳು ಬರಲಿಲ್ಲ, ಅದಕ್ಕೂ ತ್ರಾಣವಿರಲಿಲ್ಲ.

ಒಲೆಯ ಮುಂದೆ ಪಾಪ್ರಿಕಾಷ್ ಎಂಬ ಕೋಳಿಸಾರನ್ನು ಕೈಯಾಡಿಸುತ್ತಿದ್ದ ಮೇಷ್ಟರ ಹೆಂಡತಿ ಇಲೋನಾ ಉರಿ ತಗ್ಗಿಸಿ ಈ ಕಡೆ ತಿರುಗಿದಳು.

"ಅವನನ್ನೇನು ಕೇಳ್ತೀಯೇ? ಅವನ ಕೈಯಲ್ಲಿ ಗರಗಸ ನಿಲ್ಲುತ್ತಾ? ಕೊಯ್ದೋಳು ನಾನು. ಈ ಮನೇಲಿ ಮುಚ್ಚಳ ತೆಗೆಯೋದು ಯಾರು ಅಂತ ನಲವತ್ತು ವರ್ಷದಲ್ಲಿ ಇವನೂ ಕೇಳಲಿಲ್ಲ, ಇಷ್ಟು ವರ್ಷ ನನ್ನ ಕೈಯಡುಗೆ ತಿಂದ ನೀನೂ ಕೇಳಲಿಲ್ಲ."

ರೋಂಡಾ ಆಗ ಮೊದಲ ಬಾರಿ ಇಲೋನಾಳ ಬೆರಳುಗಳನ್ನು ನೋಡಿದಳು. ಮೇಷ್ಟರ ಬೆರಳುಗಳಿಗಿಂತ ಹೆಚ್ಚು ಸೊಟ್ಟಗಿದ್ದವು.

"ಮೂರನೇ ಬಾಟಲಿ ಎಲ್ಲಿ?"

"ಅದನ್ನ ಕೊಯ್ಯಲಿಲ್ಲ. ಕೊಯ್ಯೋಕೆ ಅಂತಲೇ ಸಿಕ್ಕಿಸಿದ್ದೆ, ಮುಚ್ಚಳ ತಾನಾಗೇ ತಿರುಗಿಬಿಡ್ತು. ತೊಳೆದು ಲವಂಗ ಹಾಕಿಟ್ಟಿದ್ದೀನಿ."

ಹೇಗೆ ಎಂದು ಕೇಳಲು ತೆರೆದ ಬಾಯಿಯನ್ನು ರೋಂಡಾ ಮುಚ್ಚಿಕೊಂಡಳು. ಚೀಲದಿಂದ ಹೊಸ ಬಾಟಲಿಯೊಂದನ್ನು ತೆಗೆದು ಸುಮ್ಮನೆ ಇಲೋನಾಳ ಮುಂದೆ ಚಾಚಿದಳು.

ಇಲೋನಾ ಚಮಚಗಳ ಖಾನೆಯನ್ನು ನಾಲ್ಕು ಬೆರಳಷ್ಟು ಎಳೆದಳು. ಬಾಟಲಿಯನ್ನು ಆ ಸಂದಿಯಲ್ಲಿ ನಿಲ್ಲಿಸಿ, ಸೊಂಟದಿಂದ ಖಾನೆಯನ್ನು ಒತ್ತಿ ಹಿಡಿದಳು. ಬಾಟಲಿ ನೆಟ್ಟ ಗೂಟದಂತೆ ನಿಂತಿತು. ಎರಡೂ ಅಂಗೈಗಳನ್ನು ಮುಚ್ಚಳದ ಮೇಲಿಟ್ಟು, ಹಿಟ್ಟು ನಾದುವ ಹಾಗೆ ಒಮ್ಮೆ ಅಮುಕಿ ತಿರುಗಿಸಿದಳು. ಟಕ್ ಎಂದಿತು.

ಮೇಷ್ಟರು ಒಂದು ಕಡೆಯಿಂದ, ರೋಂಡಾ ಇನ್ನೊಂದು ಕಡೆಯಿಂದ ಖಾನೆಯ ಮೇಲೆ ಬಗ್ಗಿದರು. ಇಬ್ಬರ ಹಣೆಗಳೂ ತಾಕುವಂತಿದ್ದವು.

"ಏನು ಹಾಗೆ ನೋಡ್ತೀರಿ ಇಬ್ಬರೂ?" ಎಂದಳು ಇಲೋನಾ. "ತಿರುಗಿಸೋದು ಯಾವ ಮಹಾ ಕೆಲಸ? ಬಾಟಲೀನ ಹಿಡ್ಕೊಳ್ಳೋರು ಬೇಕು, ಅಷ್ಟೆ."