ನಾಲ್ಕನೆಯ ತಾಲೀಮು

“ಸಾವ್ಕಾರ್ರು ಇವತ್ತು ಬೆಳಿಗ್ಗೆ ಆರು ಇಪ್ಪತ್ತಕ್ಕ ತೀರಿಕೊಂಡಾರ,” ಎಂದು ಕಾವ್ಯಾ ಕೆಂಪು ಫೈಲಿನಿಂದ ಓದಿದಳು. “ತಾಲೀಮು ಶುರು. ಎಲ್ಲಾರೂ ಫೋನ್ ಈ ಕ್ರೇಟಿನಾಗ ಹಾಕ್ರಿ.”

ಹಮಾಲರಲ್ಲಿ ಯಾರೋ ನಕ್ಕರು. ಧೂಳಪ್ಪ ನಗಲಿಲ್ಲ. ಅವನ ಕಣ್ಣು ಅವಳ ಕೈಯಲ್ಲಿದ್ದ ಕೀಲಿಗೊಂಚಲಿನ ಮೇಲಿತ್ತು. ತಿಕೋಟಾದ ಈ ದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಅವನು ಇಪ್ಪತ್ತಾರು ವರ್ಷದ ಮ್ಯಾನೇಜರ. ಆ ಗೊಂಚಲು ಮಾಲೀಕ ಬಸಲಿಂಗಯ್ಯನವರ ಉಡದಾರ ಬಿಟ್ಟು ಇಳಿದದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಮಗಳು ಕಾವ್ಯಾ ತಂದೆಯನ್ನು ಮೂಲೆಗೆ ಕೂರಿಸಿದಳು ಎಂದುಕೊಂಡ. ಎರಡು ತಿಂಗಳಿಂದ ಸಾವ್ಕಾರ್ರು ಪ್ರತಿ ಗುರುವಾರ ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ಪ್ಯಾಕಿಂಗ್ ಡಬ್ಬಿ ತರಲು ಎನ್ನುತ್ತಿದ್ದರು. ಡಬ್ಬಿ ಮಾತ್ರ ಒಂದೂ ಬಂದಿರಲಿಲ್ಲ. ಅಲ್ಲಿ ಯಾರಿಗೋ ಈ ಸ್ಟೋರೇಜು ಮಾರುವ ಮಾತು ನಡೆದಿರಬೇಕು. ಇವತ್ತಿನ ತಾಲೀಮಿನಲ್ಲಿ ಎಡವಿದವನು ನಾಳೆ ಮನೆಗೆ.

“ಆರು ಇಪ್ಪತ್ತು ಯಾಕ್ರಿ ಅಕ್ಕಾರ?” ಮಷಿನ್ ನೋಡಿಕೊಳ್ಳುವ ಹಸನಸಾಬ ಕೇಳಿದ. “ಹೋದ ಸಲ ಸಾವ್ಕಾರ್ರು ಬರೋಬ್ಬರಿ ಹತ್ತಕ್ಕ ಸತ್ತಿದ್ರಲ್ಲ.”

“ಈ ಸಲ ಹತ್ತರ ತನಕಾ ತಡಿಲಿಲ್ಲ, ಕಾಕಾ.”

ಈಗ ಎಲ್ಲರೂ ನಕ್ಕರು.

ಎಂ.ಎಸ್ಸಿ. ಮುಗಿಸಿ ಬಂದ ಕಾವ್ಯಾ, ಯಾವ ಆಪತ್ತು ಬಂದರೂ ಕೆಲಸ ನಿಲ್ಲಬಾರದೆಂದು ಒಂಬತ್ತು ಹೆಜ್ಜೆಗಳ ಯೋಜನೆ ಬರೆದಿದ್ದಳು. ಮೊದಲ ತಾಲೀಮು ಬೆಂಕಿಯದು, ಎರಡನೆಯದು ಅಮೋನಿಯಾ ಸೋರಿಕೆಯದು. ಎರಡೂ ಸಲ ಬಸಲಿಂಗಯ್ಯ ಬೇವಿನ ಮರದ ಕೆಳಗೆ ಜೀಪಿನಲ್ಲಿ ಅಡಗಿ ಕೂತು ನೋಡಿ, ಕೊನೆಗೆ ಇಳಿದು ಬಂದಿದ್ದರು. “ಎಲ್ಲಾರೂ ಸತ್ರಿ. ಚಾ ಕುಡೀರಿ ಬರ್ರಿ.”

ಮೂರನೆಯದು ಹೋದ ತಿಂಗಳು. ಮಾಲೀಕ ಸತ್ತಿದ್ದಾನೆ ಎಂಬುದೇ ಆಪತ್ತು. ಕಾವ್ಯಾ ಓದಿ ಮುಗಿಸುವ ಮುಂಚೆಯೇ ಹಸನಸಾಬ ಮಷಿನ್ ಬಂದ್ ಮಾಡಿದ್ದ, ಧೂಳಪ್ಪ ಗೇಟು ಎಳೆದಿದ್ದ.

“ಸಾವ್ಕಾರ್ರು ಹೋದ ದಿನಾ ಮಷಿನ್ ನಡಸೂದು ಮನಷ್ಯಾರ ಕೆಲಸ ಅಲ್ಲ್ರಿ,” ಎಂದು ಧೂಳಪ್ಪ ಎದೆಯುಬ್ಬಿಸಿ ಹೇಳಿದ್ದ.

ಅಂದು ಬಸಲಿಂಗಯ್ಯ ಚಹಾಕ್ಕೆ ಕರೆಯಲಿಲ್ಲ. “ಆರು ತಾಸಿಗೆ ಹಣ್ಣು ಬೆವರ್ತದ, ಧೂಳಪ್ಪ. ನಲವತ್ತು ಮನಿ ಹಣ್ಣದು,” ಎಂದಷ್ಟೇ ಹೇಳಿ ಜೀಪು ಹತ್ತಿದ್ದರು.

ಆದರೆ ಇವತ್ತು ಗೇಟಿನೊಳಗೆ ನಿಂತಿದ್ದ ಕಂಟೇನರ್ ನಿಜದ್ದು. ಹಂಗಾಮಿನ ಕೊನೆಯ ಲೋಡು. ಮೂರು ಗಂಟೆಯೊಳಗೆ ಗೇಟು ದಾಟದಿದ್ದರೆ ಹಡಗು ತಪ್ಪುತ್ತದೆ.

“ಇದು ಹೋಗಲಿಲ್ಲಂದ್ರ ಬರೂ ವರ್ಷ ಈ ಬಾಗಿಲಾ ತಗಿಯೂದಿಲ್ಲ, ಕಾಕಾ,” ಎಂದಳು ಕಾವ್ಯಾ ಧೂಳಪ್ಪನಿಗೆ.

ಒಂದೊಂದು ಹೆಜ್ಜೆಯೂ ಹೋಗಿ ಬಸಲಿಂಗಯ್ಯನವರ ಬಳಿಯೇ ನಿಂತಿತು. ಜನರೇಟರಿನ ಕೀಲಿ ಹದಿನೇಳರಲ್ಲಿ ಯಾವುದು? ಅವರಿಗೆ ಗೊತ್ತು. ಡೀಸೆಲ್ ಯಾರು ತರುತ್ತಾರೆ? ಅವರಿಗೆ ಗೊತ್ತು. ಯೋಜನೆಯ ಕಾಗದದಲ್ಲಿ ಕಂಪನಿ ಇತ್ತು. ನಿಜದಲ್ಲಿ ಒಬ್ಬ ಮನುಷ್ಯನಿದ್ದ. ಹನ್ನೊಂದೂವರೆಯಾದರೂ ನಾಲ್ಕನೆಯ ಹೆಜ್ಜೆ ಮುಗಿಯಲಿಲ್ಲ.

“ಸಾವ್ಕಾರ್ರಿಗೆ ಒಂದು ಫೋನ್ ಹಚ್ಚಿದ್ರ ಮುಗೀತದ,” ಎಂದ ಧೂಳಪ್ಪ.

“ಎತ್ತೂದಿಲ್ಲ.”

“ನೀವು ಎತ್ತಗೊಡೂದಿಲ್ಲ ಅನ್ರಿ.”

ಕಾವ್ಯಾ ಫೈಲಿನ ಹಾಳೆ ತಿರುವಿದಳು. ಚಹಾ ಮಾಡುವ ಸುರೈಯಾ ತಂದಿಟ್ಟ ಎರಡನೆಯ ಕಪ್ ಚಹಾ ಅವಳ ಮುಂದೆ ಕೆನೆಗಟ್ಟಿತ್ತು. ಬೆರಳುಗಳಿಗೆ ವಿಭೂತಿ ಮೆತ್ತಿತ್ತು. ಪೂಜೆಗೆ ಸಮಯವಿದೆ, ತಂದೆಯ ಮಾತು ಕೇಳಲು ಇಲ್ಲ ಎಂದುಕೊಂಡ ಧೂಳಪ್ಪ ಗೋಡೆಯ ಕ್ಯಾಮೆರಾಕ್ಕೆ ಮುಖವೆತ್ತಿದ. ಈ ಸಲ ಸಾವ್ಕಾರ್ರು ಅಡಗಿರುವುದು ಅದರ ಹಿಂದೆಯೇ ಇರಬೇಕು.

“ನೋಡಾಕತ್ತೀರೇನ್ರಿ ಸಾವ್ಕಾರ್ರ? ನಿಮ್ಮ ಮಗಳು ನಿಮ್ಮನ್ನ ಜೀವಂತ ಹುಗೀಲಾಕತ್ತಾಳ.”

ಕಾವ್ಯಾಳ ಪೆನ್ನು ಕೆಳಗೆ ಬಿತ್ತು. ಅವಳು ಬಗ್ಗಿ ಅದನ್ನು ಹೆಕ್ಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಮೇಲೆದ್ದಾಗ ದನಿ ಮೊದಲಿನಂತೆಯೇ ಇತ್ತು. “ಐದನೇದು. ಯಾವ ಖೋಲಿ ಹಣ್ಣು ಮೊದಲ ಏರಬೇಕು?”

ಗಟ್ಟಿ ಹಣ್ಣು ಕಂಟೇನರಿನ ಒಳಗೆ, ಮಾಗಿದ್ದು ಬಾಗಿಲ ಬಳಿ. ಆದರೆ ಯಾವುದು ಗಟ್ಟಿ ಎಂಬುದನ್ನು ಬಸಲಿಂಗಯ್ಯ ಕಚ್ಚಿ ಹೇಳುತ್ತಿದ್ದರು. ಬೇರೆ ಯಾರೂ ಹೇಳಿದ್ದಿಲ್ಲ. ಧೂಳಪ್ಪ ಮೂರೂ ಖೋಲಿಗೆ ಹೋಗಿ ಬಂದ. ತಣ್ಣನೆಯ ಹಣ್ಣು ಹಲ್ಲಿಗೆ ಜುಂ ಎಂದಿತು. ಮೂರನೆಯ ಖೋಲಿಯ ಹಣ್ಣಿನ ಸಿಪ್ಪೆ ಟಕ್ಕನೆ ಒಡೆಯಿತು. ಇಪ್ಪತ್ತಾರು ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದ ಸದ್ದು ಅದು.

“ಮೂರು ಮೊದಲ. ಆಮ್ಯಾಲ ಒಂದು. ಎರಡು ಕಡೀಗೆ,” ಎಂದ. ಹೇಳಿದ ಮೇಲೆ ಅವನಿಗೇ ಅಂಜಿಕೆಯಾಯಿತು.

ಅಲ್ಲಿಂದ ಎಲ್ಲರೂ ಕೆಲಸಕ್ಕೆ ಬಿದ್ದರು. ಜನರೇಟರಿನ ಕೀಲಿ ಒಂದೊಂದೇ ಹಾಕಿ ನೋಡಿದಾಗ ಹನ್ನೆರಡನೆಯದಾಗಿ ಸಿಕ್ಕಿತು. ಡೀಸೆಲ್ಲಿನವನ ನಂಬರು ಹಳೆಯ ಗೇಟ್ ಪಾಸಿನ ಬೆನ್ನ ಮೇಲಿತ್ತು. ಎರಡು ಐವತ್ತಕ್ಕೆ ಕಂಟೇನರ್ ಗೇಟು ದಾಟಿತು. ಮೂರೂ ಖೋಲಿಗಳು ಖಾಲಿ.

ಧೂಳಪ್ಪ ಬೇವಿನ ಮರದತ್ತ ನೋಡಿದ. ಜೀಪು ಇರಲಿಲ್ಲ. ಗೆದ್ದ ದಿನವೂ ಚಹಾಕ್ಕೆ ಕರೆಯುವವರಿಲ್ಲ.

“ಎಂಟು ಮುಗದ್ವು,” ಎಂದಳು ಕಾವ್ಯಾ. ಫೈಲಿನ ಕೊನೆಯಲ್ಲಿ ಅಂಟಿಸಿದ್ದ ಲಕೋಟೆ ಕಿತ್ತು ಅವನ ಕೈಗಿಟ್ಟಳು. “ಒಂಬತ್ತನೇದು ನೀವ ಓದಬೇಕಂತ, ಕಾಕಾ.” ಹಾಗೆಂದು ಖಾಲಿ ಕ್ರೇಟಿನ ಮೇಲೆ ಕುಸಿದು ಕೂತಳು.

ಒಳಗಿನ ಕಾಗದದಲ್ಲಿದ್ದುದು ಬಸಲಿಂಗಯ್ಯನವರ ಸೊಟ್ಟ ಕೈಬರಹ, ಕಪ್ಪು ಶಾಯಿ. ಸಮಯಕ್ಕೆಂದು ಅವರು ಬಿಟ್ಟಿದ್ದ ಜಾಗವನ್ನು ಮಾತ್ರ ಕಾವ್ಯಾಳ ನೀಲಿ ಪೆನ್ನು ತುಂಬಿತ್ತು; ಪಕ್ಕದಲ್ಲಿ ವಿಭೂತಿಯ ಹೆಬ್ಬೆರಳ ಗುರುತು.

“ಧೂಳಪ್ಪ, ಇನ್ನ ಮಷಿನ್ ಬಂದ್ ಮಾಡು, ಗೇಟ್ ಹಾಕು, ಕಾವ್ಯಾಗ ಅಳಾಕ ಬಿಡು, ಎಲ್ಲಾರನ್ನೂ ಕರಕೊಂಡು ಸಾರವಾಡದ ಹೊಲಕ್ಕ ಬಾ, ನನ್ನ ಮಣ್ಣು ಇವತ್ತು ಐದಕ್ಕ.”