ಬರೀ ‘ಬರ್ತೀನಿ’

ಆಡಿದ ಮಾತಿನ ಕ್ರಮದಲ್ಲೇ ಕೆಲಸ ನಡೆಯುವ ಊರು ಅದು. ಮೊದಲಿನದು ಮುಗಿಯದೆ ಮುಂದಿನದು ಶುರುವಾಗದು. ಮೋಡಕ್ಕೆ ಸೇತುವೆ ಕಟ್ಟಲು ಹೊರಟವರು ಸಾಮಾನ್ಯವಾಗಿ “ಹೋಗಿ ಬರ್ತೀನಿ” ಎಂದೇ ಹೊರಟಿದ್ದರು. ಮೋಡ ದೂರ ಸರಿಯುತ್ತಲೇ ಇತ್ತು. ಅವರು ಹೋಗುವುದೇ ಮುಗಿದಿರಲಿಲ್ಲ.

ಅವರ ಜೊತೆ ಹೋದ ಗಂಡನಿಗಾಗಿ ಹನ್ನೊಂದು ವರ್ಷ ಕಾದ ಸಿದ್ದಮ್ಮ, ಊರವರು ಆಡಿದ ಮಾತನ್ನೆಲ್ಲ ಕ್ರಮವಾಗಿ ಬರೆದಿಡುವ ಸರದಿ ಕಚೇರಿಗೆ ಬಂದಳು. “ನಮ್ಮ ಯಜಮಾನ್ರು ಹೋಗೋದು ಮುಗೀತಾ ಸ್ವಾಮಿ?”

ಗುಮಾಸ್ತ ವರದಯ್ಯ ಪುಟ ತಿರುವಿದ. “ಹೋಗೋದು ಬರೆದೇ ಇಲ್ವಲ್ಲಮ್ಮ. ಹೊರಡುವಾಗ ಏನಂದ್ರು?”

“ಜಗಳ ಆಡಿದ್ವಿ. ಮುಖ ತಿರುಗಿಸ್ಕೊಂಡು ಬರೀ ‘ಬರ್ತೀನಿ’ ಅಂದ್ರು.”

“ಹಾಗಾದ್ರೆ ಬರೋದಕ್ಕೂ ಮುಂಚೆ ಮುಗೀಬೇಕಾದ್ದು ಏನೂ ಇಲ್ಲ. ಮನೆಯವರು ಕರೀಬೇಕಿತ್ತು, ಅಷ್ಟೆ; ಹೆಸರು ಹಿಡಿದು ಕರೆದಿದ್ರೆ ಅವತ್ತೇ ಬರ್ತಿದ್ರು. ಕರೀಲಿಲ್ವಾ?”

“ಗಂಡನ ಹೆಸರು ಹೇಗೆ ಹೇಳೋದು?”

ಆದರೂ ಅವಳು ಕಿಟಕಿಗೆ ಹೋದಳು. ಮೋಡದತ್ತ ನೋಡುತ್ತ, ಜನ್ಮದಲ್ಲಿ ಮೊದಲ ಸಲ, ಮೆಲ್ಲಗೆ ಹೇಳಿದಳು: “ಮಾಯಿಗಯ್ಯ...”

ಹೊರಗಿನ ಮೆಟ್ಟಿಲ ಮೇಲೆ ಯಾರೋ ಮಂಜು ಕೊಡವಿಕೊಂಡರು.

“ಬಂದೆ ಕಣೇ.”